ಜಗಲಿಯ ಅಮ್ಮಂದಿರು

ತಮ್ಮನ ಹೆಸರಿನ ದುಡ್ಡು ತೆಗೆಯಲು ಅಮ್ಮನ ಸಹಿ ಸಾಲದು ಅಂತ ನಮಗೆ ಗೊತ್ತಾದದ್ದು ಬ್ಯಾಂಕಿನಲ್ಲಿ. ಅವನಿಗೆ ಮಾತು ಬಾರದು, ಪೆನ್ನು ಹಿಡಿಯಲೂ ಆಗದು. "18 ದಾಟಿತಲ್ಲ, ಅವನೇ ಸಹಿ ಹಾಕಬೇಕು" ಅಂದರು. ಮುಂದೇನು ಅಂತ ಯಾರೂ ಹೇಳಲಿಲ್ಲ.

ನಮ್ಮದು ಕೇರಳದ ಕಾಸರಗೋಡಿನ ಪೆರ್ಲ ಕಡೆ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಜಾಗ. 2017ರಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಿ ಅಂದಿತ್ತು. ನಮಗೆ ಸಿಗುವಾಗ ವರ್ಷಗಳೇ ಕಳೆದಿದ್ದವು. ಸಿಕ್ಕಿದ್ದನ್ನು ಮುಟ್ಟಲು ಈ ತಾಪತ್ರಯ.

ದಾರಿ ತೋರಿಸಿದ್ದು ತಮ್ಮನಂಥವರಿಗಾಗಿ ಇರುವ ಬಡ್ಸ್ ಶಾಲೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಮಕ್ಕಳನ್ನು ಕಾಯುವ ಅಮ್ಮಂದಿರು. ಮಕ್ಕಳು ಅಂದೆ, ಕೆಲವರಿಗೆ ಮೀಸೆ ನರೆತಿದೆ. "ನ್ಯಾಷನಲ್ ಟ್ರಸ್ಟಿನ ಗಾರ್ಡಿಯನ್ ಕಾಗದ ಮಾಡಿಸು" ಅಂದರು ಒಬ್ಬರು ಚೇಚಿ (ಮಲಯಾಳದಲ್ಲಿ ಅಕ್ಕ). ಇಂಥವರ ಪರವಾಗಿ ಸಹಿ ಹಾಕಲು ಒಬ್ಬರನ್ನು ನೇಮಿಸುವ ಕಾಗದ, 1999ರ ಕಾಯ್ದೆಯದು. ಜಿಲ್ಲಾಧಿಕಾರಿಯ ಸಮಿತಿ ಅದನ್ನು ಕೊಡುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಮಲಯಾಳದ ಫಾರಂ ತುಂಬಿಸಿಕೊಟ್ಟದ್ದೂ ಅವರೇ.

ಹಿಯರಿಂಗ್ ದಿನ ಜೋರು ಮಳೆ. ರಿಕ್ಷಾ ಓಡಿಸುವ ಇಚ್ಚ (ಅಣ್ಣ) ಬೆಳಗ್ಗೆಯೇ ಬಂದು ತಮ್ಮನನ್ನು ಎತ್ತಿ ಕೂರಿಸಿದರು. ಅವನನ್ನು ಎಲ್ಲಿ ಹಿಡಿದರೆ ನೋವಾಗುವುದಿಲ್ಲ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಚೇಚಿಯೂ ಹತ್ತಿದರು. ಅವರ ಮಗನಿಗೆ ಅಂದು ಊಟ ಮಾಡಿಸುವ ಪಾಳಿ ಆಚೆಮನೆ ಅಕ್ಕನದು. ಆ ಅಕ್ಕನ ಮಗಳ ಬಟ್ಟೆ ಬದಲಿಸಲು ನಮ್ಮಮ್ಮ. ಇದನ್ನೆಲ್ಲ ಎಲ್ಲೂ ಬರೆದಿಟ್ಟಿಲ್ಲ. ಯಾರೂ ಉಪಕಾರ ಅನ್ನುವುದಿಲ್ಲ, ಹಾಗಾಗಿಯೇ ಕೇಳಲು ಸಂಕೋಚವೂ ಇಲ್ಲ.

ಬದಿಯಡ್ಕ, ಚೆರ್ಕಳ ದಾಟಿ ವಿದ್ಯಾನಗರದ ಕಲೆಕ್ಟರೇಟ್. ಸಮಿತಿಯಲ್ಲಿ ಅಂಗವಿಕಲರೊಬ್ಬರು ಇರಲೇಬೇಕು ಅಂತ ನಿಯಮ. ಅಂದು ಇದ್ದವರು ನನ್ನನ್ನು ಬಿಟ್ಟು ಮೊದಲು ತಮ್ಮನನ್ನೇ ಕೇಳಿದರು, "ಅಕ್ಕ ನೋಡಿಕೊಳ್ಳಬಹುದಾ?" ಅಂತ. ಅವನು ನನ್ನ ಚೂಡಿದಾರದ ತುದಿ ಹಿಡಿದು ನಕ್ಕ. ಅಷ್ಟು ವರ್ಷದಲ್ಲಿ ಯಾವ ಆಫೀಸಿನಲ್ಲೂ ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ವಾಪಸು ಬರುವಾಗ ಇಚ್ಚ ವೈಟಿಂಗ್ ಚಾರ್ಜ್ ತೆಗೆದುಕೊಳ್ಳಲಿಲ್ಲ. ಸುಮ್ನೆ ಜಗಳ ಮಾಡಿದೆ.

ಕಾಗದ ಸಿಕ್ಕಿತು, ದುಡ್ಡೂ ಸಿಕ್ಕಿತು. ಆದರೆ ಜಗಲಿಯ ಅಮ್ಮಂದಿರಿಗೆಲ್ಲ ಪ್ರಾಯವಾಗುತ್ತಿದೆ. ಚೇಚಿಗೆ ಮಗನಲ್ಲದೆ ಬೇರೆ ಯಾರೂ ಇಲ್ಲ. ಗಾರ್ಡಿಯನ್ ಸಂಬಂಧಿಕರೇ ಆಗಬೇಕೆಂದಿಲ್ಲ, ತಂದೆತಾಯಿ ತಮಗೆ ಬೇಕಾದವರ ಹೆಸರು ಕೊಡಬಹುದು. ಮೊನ್ನೆ ಚೇಚಿ, ಮಗನ ಗಾರ್ಡಿಯನ್ ಅಂತ ನಿನ್ನ ಹೆಸರು ಹಾಕಲಾ ಅಂತ ನನ್ನನ್ನು ಕೇಳಿದರು. ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಅಂದಿದ್ದೇನೆ.