ಮಿರಿಸ್ಸಾ ಕಡಲಲ್ಲಿ ನೀಲಿ ತಿಮಿಂಗಿಲ: ದೋಣಿ ಹತ್ತುವ ಮುನ್ನ

ಶ್ರೀಲಂಕಾದ ಮಿರಿಸ್ಸಾಗೆ ತಿಮಿಂಗಿಲ ನೋಡಲು ಹೊರಟವರಿಗೆ ನನ್ನ ಮೊದಲ ಮಾತು ಇಷ್ಟೇ: ಕಡಲಿಗೆ ಇಳಿಯಲು ಕನಿಷ್ಠ ಎರಡು ಬೆಳಗು ಇಟ್ಟುಕೊಳ್ಳಿ. ಒಂದು ದಿನ ಕಡಲು ಕೆಟ್ಟಿರಬಹುದು, ಒಂದು ದಿನ ತಿಮಿಂಗಿಲವೇ ಕಾಣದಿರಬಹುದು. ನಮಗೆ ಆದದ್ದು ಇವೆರಡೂ ಅಲ್ಲ. ಮೊದಲ ದಿನ ನಾವು ಹತ್ತಿದ್ದು ಹತ್ತಬಾರದ ದೋಣಿ.

ಮಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸಿ ಫೆಬ್ರವರಿಯಲ್ಲಿ ಹೋಗಿದ್ದೆವು. ನಾನು, ಯಜಮಾನರು, ಮಗಳು, ಜೊತೆಗೆ ಅಮ್ಮ. ಅಮ್ಮ ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಬಂದರಿಗೆ ಬರುವ ದೋಣಿಗಳನ್ನು ಆಯುಷ್ಯವಿಡೀ ನೋಡಿದ್ದಾಳೆ, ಆದರೆ ದಡ ಕಾಣದಷ್ಟು ದೂರ ಒಮ್ಮೆಯೂ ಹೋಗಿರಲಿಲ್ಲ.

ತಿಂಗಳ ಆಯ್ಕೆ ಬಹಳ ಮುಖ್ಯ. ಮಿರಿಸ್ಸಾದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹಂಗಾಮು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ನಮ್ಮ ಕಡಲನ್ನು ಕದಡುವ ನೈಋತ್ಯ ಮುಂಗಾರು ಲಂಕೆಯ ದಕ್ಷಿಣ ತೀರಕ್ಕೂ ಬಡಿಯುತ್ತದೆ. ಆ ತಿಂಗಳುಗಳಲ್ಲಿ ಹೋಗಲೇಬೇಕೆಂದರೆ ಪೂರ್ವ ತೀರದ ಟ್ರಿಂಕೋಮಲಿ ನೋಡಿ, ಅಲ್ಲಿ ಆಗ ಕಡಲು ಶಾಂತ. ಬೇಸಿಗೆ ರಜೆ ಶುರುವಾದ ಕೂಡಲೇ ಹೊರಡೋಣ ಎನ್ನುವವರು ಏಪ್ರಿಲ್ 13, 14ನ್ನು ಬಿಟ್ಟುಬಿಡಿ. ತುಳುನಾಡಿನ ಬಿಸು ಬರುವ ಹೊತ್ತಿಗೇ ಅಲ್ಲಿ ಸಿಂಹಳ ಮತ್ತು ತಮಿಳರ ಹೊಸ ವರ್ಷ. ಅಂಗಡಿಗಳು ಮುಚ್ಚಿರುತ್ತವೆ, ಜನರೆಲ್ಲ ಊರಿನ ಹಾದಿ ಹಿಡಿದಿರುತ್ತಾರೆ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡಿಸುವ ದಿನವೇ ಸರ್ಕಾರಿ ಜಾಲತಾಣ ನೋಡಿಕೊಳ್ಳಿ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ದಕ್ಷಿಣಕ್ಕೆ ಹೋಗುವ ರೈಲು ಬಹುದೂರ ಕಡಲಿನ ಪಕ್ಕದಲ್ಲೇ ಓಡುತ್ತದೆ. ಬಲಗಡೆ ಕಿಟಕಿ ಹಿಡಿಯಿರಿ, ವೆಲಿಗಾಮದಲ್ಲಿ ಇಳಿದು ಆಟೋ ಮಾಡಿ. ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಅನ್ನ, ಪರಿಪ್ಪು ಎನ್ನುವ ಬೇಳೆ ಸಾರು, ತೆಂಗಿನಕಾಯಿ ಹಾಕಿದ ಪಲ್ಯಗಳು ಎಲ್ಲ ಕಡೆ ಸಿಗುತ್ತವೆ. ಪೊಲ್ ಸಂಬೋಲ್ ಎನ್ನುವ ತೆಂಗಿನಕಾಯಿ ಚಟ್ನಿಯಲ್ಲಿ ಮಾತ್ರ ಒಣ ಮೀನಿನ ಪುಡಿ ಇದೆಯಾ ಎಂದು ಕೇಳಿಯೇ ಬಡಿಸಿಕೊಳ್ಳಿ.

ಇನ್ನು ದೋಣಿಯ ವಿಷಯ. ಮೊದಲ ದಿನದ್ದನ್ನು ದಾರಿಬದಿಯ ಒಬ್ಬರ ಹತ್ತಿರ ದರ ಕಡಿಮೆ ಎಂದು ಗೊತ್ತು ಮಾಡಿದೆವು. ಬೆಳಗ್ಗೆ ಆರೂವರೆಗೆ ಹೊರಟು ಎರಡು ತಾಸಾದ ಮೇಲೆ ದೂರದಲ್ಲಿ ನೀರಿನ ಕಂಬ ಎದ್ದಿತು. ನಮ್ಮ ಚಾಲಕ ಒಮ್ಮೆಲೇ ವೇಗ ಏರಿಸಿದ. ಆ ಕಡೆಯಿಂದ ನಾಲ್ಕು, ಈ ಕಡೆಯಿಂದ ಮೂರು ದೋಣಿಗಳು ಅದೇ ಜಾಗಕ್ಕೆ ನುಗ್ಗಿದವು. ತಿಮಿಂಗಿಲ ಎರಡೇ ಸಲ ಉಸಿರು ಬಿಟ್ಟು ಮುಳುಗಿತು. ಮತ್ತೆ ಎದ್ದಲ್ಲಿಗೆ ಮತ್ತೆ ಓಟ. ದೋಣಿಯಲ್ಲಿದ್ದ ಅರ್ಧ ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಹೊಟ್ಟೆ ಹಿಂಡಿದಂತಾಯಿತು. ಮಗಳು ನನ್ನ ಕೈ ಹಿಡಿದು, "ಅಮ್ಮ, ಅದಕ್ಕೆ ಉಸಿರಾಡೋಕೆ ಬಿಡ್ತಾನೇ ಇಲ್ಲ" ಎಂದಳು. ಅಲ್ಲಿನ ನಿಯಮದ ಪ್ರಕಾರ ದೋಣಿ 100 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ. ಅಂದು ಅದನ್ನು ಯಾರೂ ಪಾಲಿಸಲಿಲ್ಲ.

ಸಂಜೆ ಮೂರು ನಾಲ್ಕು ಕಡೆ ವಿಚಾರಿಸಿದೆವು. ನೀವೂ ಹಣ ಕೊಡುವ ಮೊದಲು ಕೇಳಿ: ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ? ಇಂಜಿನ್ ಆರಿಸುತ್ತೀರಾ? ದಾರಿಗೆ ಅಡ್ಡ ಹೋಗುತ್ತೀರೋ, ಪಕ್ಕದಲ್ಲಿ ಸಾಗುತ್ತೀರೋ? "ಮುಟ್ಟುವಷ್ಟು ಹತ್ತಿರ ಕರೆದುಕೊಂಡು ಹೋಗ್ತೀವಿ" ಎಂದವರನ್ನು, ತಿಮಿಂಗಿಲದ ಜೊತೆ ಈಜಿಸುತ್ತೇವೆ ಎಂದವರನ್ನು ಅಲ್ಲೇ ಬಿಟ್ಟು ಬನ್ನಿ. ನಮಗೆ ಕೊನೆಗೆ ಸಿಕ್ಕವರು ನಿಧಾನವಾಗಿ ಮಾತಾಡುವ ಹಿರಿಯರೊಬ್ಬರು, ಮೊದಲು ಮೀನು ಹಿಡಿಯುತ್ತಿದ್ದವರಂತೆ. "ನಾವು ಕಾಯುತ್ತೇವೆ, ಅದು ಬಂದರೆ ನೋಡುತ್ತೇವೆ" ಎಂದರು. ದರ ಒಂದೂವರೆ ಪಟ್ಟು. ಕೊಟ್ಟೆವು.

ಹೊರಡುವ ಒಂದು ತಾಸು ಮೊದಲೇ ವಾಂತಿ ತಡೆಯುವ ಮಾತ್ರೆ ನುಂಗಿ. ಯಾವುದು ಒಗ್ಗುತ್ತದೆ ಎಂದು ಇಲ್ಲಿಂದ ಹೊರಡುವಾಗಲೇ ವೈದ್ಯರನ್ನು ಕೇಳಿಕೊಂಡಿರಿ. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಮೇಲಿನ ಅಂತಸ್ತಿನಿಂದ ನೋಟ ಚೆನ್ನ, ಆದರೆ ತೂಗಾಟ ಹೆಚ್ಚು. ಅಮ್ಮನನ್ನು ಕೆಳಗೆ ನಡುಭಾಗದಲ್ಲಿ ಕೂರಿಸಿ ದಿಗಂತದ ಮೇಲೆ ಕಣ್ಣಿಡಲು ಹೇಳಿದೆವು. ಅವಳಿಗೇನೂ ಆಗಲಿಲ್ಲ. ಫೋನ್ ನೋಡುತ್ತ ಕೂತ ನನ್ನ ಯಜಮಾನರಿಗೆ ಅರ್ಧ ದಾರಿಯಲ್ಲೇ ಸುಸ್ತಾಯಿತು.

ಬಂದರು ದಾಟಿ ಸ್ವಲ್ಪ ಹೊತ್ತಿಗೇ ಹಾರುವ ಮೀನುಗಳು. ನೀರಿನಿಂದ ಚಿಮ್ಮಿ, ಬೆಳ್ಳಿಯ ತಗಡಿನಂತೆ ಮಿಂಚಿ, ಅಲೆಯ ಮೇಲೆ ತೇಲಿ ಹೋಗುತ್ತವೆ. ಆಮೇಲೆ ಸ್ಪಿನ್ನರ್ ಡಾಲ್ಫಿನ್‌ಗಳ ಹಿಂಡು. ಮೇಲಕ್ಕೆ ಜಿಗಿದು ಬುಗುರಿಯಂತೆ ಗಿರಗಿರನೆ ತಿರುಗಿ ಬೀಳುತ್ತಿದ್ದವು. ಎಣಿಸಲು ಹೋಗಿ ಮಗಳು ಸೋತಳು. ಒಂದು ಆಮೆ ತಲೆ ಎತ್ತಿ ನಮ್ಮನ್ನು ನೋಡಿ ಮುಳುಗಿತು. ಎಡಕ್ಕೆ ದೂರದಲ್ಲಿ ಲಂಕೆಯ ದಕ್ಷಿಣದ ತುದಿಯಾದ ದೊಂಡ್ರದ ಬಿಳಿ ದೀಪಸ್ತಂಭ.

ದೊಂಡ್ರದ ಸುತ್ತಮುತ್ತಲೇ ತಿಮಿಂಗಿಲ ಸಿಗುವುದಕ್ಕೆ ಕಾರಣ ಇದೆ. ದಡದಿಂದ ಸ್ವಲ್ಪ ದೂರಕ್ಕೇ ಕಡಲ ತಳ ಕಡಿದಾಗಿ ಇಳಿದು ಆಳವಾಗುತ್ತದೆ, ಅಲ್ಲಿ ಪುಟ್ಟ ಸಿಗಡಿಗಳು ಹೇರಳ. ಬೇರೆ ಕಡೆಯ ನೀಲಿ ತಿಮಿಂಗಿಲಗಳು ಮೇವಿಗೆಂದು ಧ್ರುವದ ತಣ್ಣನೆಯ ನೀರಿಗೆ ಹೋದರೆ, ಉತ್ತರ ಹಿಂದೂ ಮಹಾಸಾಗರದ ಈ ಗುಂಪು ವರ್ಷವಿಡೀ ಬೆಚ್ಚನೆಯ ನೀರಿನಲ್ಲೇ ಉಳಿಯುತ್ತದೆ. ಲಂಕೆಯ ಕಡಲ ವಿಜ್ಞಾನಿ ಆಶಾ ಡಿ ವೋಸ್ ಇದರ ಬೆನ್ನು ಹತ್ತಿದ್ದು 2003ರಲ್ಲಿ, ನೀರಿನ ಮೇಲೆ ತೇಲುತ್ತಿದ್ದ ತಿಮಿಂಗಿಲದ ಕೆಂಪು ಲದ್ದಿ ಕಂಡಾಗ. ಲದ್ದಿ ಇದೆ ಎಂದರೆ ಇಲ್ಲೇ ಮೇಯುತ್ತಿವೆ ಎಂದರ್ಥ. ಇಟ್ಟಿಗೆ ಪುಡಿ ಕಲಸಿದಂಥ ಆ ಕೆಂಪು ಪಟ್ಟಿಯನ್ನು ನಮ್ಮ ಹಿರಿಯರೂ ತೋರಿಸಿದರು.

ಒಂಬತ್ತು ಗಂಟೆ ಸುಮಾರಿಗೆ ಅವರು, "ನಿಲ್ ತಲ್ಮಸಾ" ಎಂದರು. ಸಿಂಹಳದಲ್ಲಿ ನೀಲಿ ತಿಮಿಂಗಿಲ. ಗುರುತು ಹಿಡಿಯುವುದನ್ನೂ ಕಲಿಸಿದರು: ನೀಲಿಯದು ನೆಟ್ಟಗೆ ಎತ್ತರಕ್ಕೆ ಏಳುವ ಕಾರಂಜಿ, ಸ್ಪರ್ಮ್ ತಿಮಿಂಗಿಲದ್ದು ಎಡಕ್ಕೆ ವಾಲಿ ಮುಂದಕ್ಕೆ ಬಾಗಿದ್ದು. ದೂರದಲ್ಲೇ ದೋಣಿ ನಿಧಾನ ಮಾಡಿ ಇಂಜಿನ್ ಆರಿಸಿದರು.

ಆಮೇಲೆ ಕೇಳಿದ ಸದ್ದನ್ನು ನಾನು ಮರೆಯಲಾರೆ. ಕಮ್ಮಾರನ ದೊಡ್ಡ ತಿದಿ ಒಮ್ಮೆಲೇ ಬಿಟ್ಟಂಥ ಉಸಿರು. ಮೊದಲ ದಿನ ಇಂಜಿನ್ನುಗಳ ಗದ್ದಲದಲ್ಲಿ ಅದು ಕಿವಿಗೇ ಬಿದ್ದಿರಲಿಲ್ಲ. ಬೆನ್ನು ಎದ್ದಿತು, ಜಾರುತ್ತಲೇ ಇತ್ತು, ಮುಗಿಯುತ್ತಲೇ ಇರಲಿಲ್ಲ. ಕೊನೆಗೆ ಎಲ್ಲೋ ಹಿಂದೆ ಒಂದು ಪುಟ್ಟ ರೆಕ್ಕೆ. ನೀರೊಳಗೆ ಇಳಿದ ಭಾಗ ಬೂದು ಬಣ್ಣ ಬಿಟ್ಟು ಹೊಳೆಯುವ ಹಸಿರು ನೀಲಿಯಾಗಿ ಕಾಣುತ್ತಿತ್ತು. ಐದಾರು ಸಲ ಉಸಿರಾಡಿ, ಬೆನ್ನು ಬಿಲ್ಲಿನಂತೆ ಬಾಗಿಸಿ, ಬಾಲ ಎತ್ತಿ ಮುಳುಗಿತು. ಬಾಲ ಇಳಿದಲ್ಲಿ ಅಲೆಗಳ ನಡುವೆ ಎಣ್ಣೆ ಸುರಿದಂತೆ ನುಣುಪಾದ ಒಂದು ವೃತ್ತ ಬಹಳ ಹೊತ್ತು ಉಳಿದಿತ್ತು.

"ಹತ್ತು ಹನ್ನೆರಡು ನಿಮಿಷ" ಎಂದರು ಹಿರಿಯರು. ಯಾರೂ ಮಾತಾಡಲಿಲ್ಲ. ಮಗಳು ಗಡಿಯಾರ ಹಿಡಿದು ಕೂತಳು. ದಕ್ಷಿಣದಲ್ಲಿ ಸಾಲು ಸಾಲು ಸರಕು ಹಡಗುಗಳು. ಜಗತ್ತಿನ ಅತಿ ದಟ್ಟ ಹಡಗು ಹಾದಿಗಳಲ್ಲೊಂದು ಈ ತಿಮಿಂಗಿಲಗಳು ಮೇಯುವ ಜಾಗದ ಮೇಲೇ ಹಾದುಹೋಗುತ್ತದೆ, ಡಿಕ್ಕಿಯಾಗಿ ಸಾಯುತ್ತವೆ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ ತನ್ನ ಹಡಗುಗಳನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿತು. ಉಳಿದವರೂ ಸರಿಯಲಿ ಎಂದು ಅಲ್ಲಿ ಕೂತಾಗ ನಿಜಕ್ಕೂ ಬೇಡಿಕೊಂಡೆ.

ಹನ್ನೊಂದನೇ ನಿಮಿಷಕ್ಕೆ ಅದು ತಾನಾಗಿಯೇ ನಮ್ಮ ಎಡಕ್ಕೆ ಎದ್ದಿತು. ಅಮ್ಮ ಕಂಬಿ ಹಿಡಿದು ಎದ್ದು ನಿಂತು ಕೈಮುಗಿದಳು. "ಏನು ಉಸಿರು ಮಾರಾಯ್ತಿ" ಎಂದಷ್ಟೇ ಹೇಳಿದಳು.

ಫೋಟೊ ಬೇಕೆನ್ನುವವರು ಬಾಲದ ಕ್ಷಣಕ್ಕೆ ಸಿದ್ಧವಾಗಿರಿ: ಬೆನ್ನು ಹೆಚ್ಚು ಬಾಗಿದರೆ ಬಾಲ ಏಳುವ ಸಾಧ್ಯತೆ ಇದೆ. ಫೋನಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ಒಂದು ದುರ್ಬೀನು, ಕಟ್ಟುವ ಟೊಪ್ಪಿ, ತುಂಬು ತೋಳಿನ ಅಂಗಿ ಸಾಕು. ದಡ ಸೇರುವಾಗ ಹನ್ನೆರಡು ದಾಟಿರುತ್ತದೆ, ಅಂದು ಮಧ್ಯಾಹ್ನಕ್ಕೆ ಬೇರೆ ಯಾವ ಊರಿನ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ನಾವು ಮಲಗಿ ಎದ್ದಾಗ ಸಂಜೆ ಐದು, ಮಂಚ ಇನ್ನೂ ತೂಗುತ್ತಿತ್ತು.