ಸ್ಮಿತ್ ಅಜ್ಜಿಯ ಹುಳಿ ಸೇಬು

ಸಿಡ್ನಿಯಲ್ಲಿ ಕೂತು ಮಾವಿನಕಾಯಿ ಚಿತ್ರಾನ್ನಕ್ಕೆ ಆಸೆಪಟ್ಟರೆ ದಾರಿ ಎರಡೇ. ದುಬಾರಿ ಬೆಲೆ ತೆತ್ತು ಸುಕ್ಕುಗಟ್ಟಿದ ಕಾಯಿ ತರಬೇಕು, ಇಲ್ಲವೇ ಗ್ರ್ಯಾನಿ ಸ್ಮಿತ್ ಸೇಬನ್ನು ತುರಿಯಬೇಕು. ನಾನು ಎರಡನೆಯ ಪಕ್ಷದವಳು. ಊರಿನಿಂದ ಬಂದಿದ್ದ ಅತ್ತೆಯವರು ‘ಸೇಬಿನ ಚಿತ್ರಾನ್ನವೇ?’ ಎಂದು ಹುಬ್ಬೇರಿಸಿದರು. ಮತ್ತೆ ಬಡಿಸಿಕೊಳ್ಳುವಾಗ ಮಾತ್ರ ತುಟಿ ಬಿಚ್ಚಲಿಲ್ಲ.

ಈ ಸೇಬು ಹುಟ್ಟಿದ್ದು ಇಲ್ಲಿಯ ಈಸ್ಟ್‌ವುಡ್‌ನಲ್ಲಿ. ಇಂಗ್ಲೆಂಡಿನ ಸಸೆಕ್ಸ್‌ನಿಂದ ಸಂಸಾರ ಸಮೇತ ಬಂದು ಹಣ್ಣಿನ ತೋಟ ಮಾಡಿದ್ದ ಮರಿಯಾ ಆನ್ ಸ್ಮಿತ್, ತೊರೆಯ ಪಕ್ಕ ತಾನಾಗಿ ಎದ್ದಿದ್ದ ಸಸಿಯೊಂದನ್ನು 1868ರಲ್ಲಿ ಬೇರೆ ಬೆಳೆಗಾರರಿಗೆ ತೋರಿಸಿದರಂತೆ. ಎಸೆದ ಸೇಬಿನ ಕಸದಿಂದ ಮೊಳೆತ ಸಸಿ ಅದು. 1870ರಲ್ಲಿ ಅಜ್ಜಿ ತೀರಿಕೊಂಡರು. ಹಣ್ಣಿಗೆ ಹೆಸರು ಬಂದದ್ದು ಆಮೇಲೆ: 1891ರ ಕ್ಯಾಸಲ್ ಹಿಲ್ ಪ್ರದರ್ಶನದಲ್ಲಿ ಬಹುಮಾನ, ಅದೂ ಅಡುಗೆ ಸೇಬಿನ ವಿಭಾಗದಲ್ಲಿ. ಹಾಗಾಗಿ ನಾನು ಒಗ್ಗರಣೆಗೆ ಹಾಕಿದರೆ ಅಜ್ಜಿ ಬೇಸರಪಟ್ಟುಕೊಳ್ಳಲಾರರು.

ಹಣ್ಣು ಗಟ್ಟಿ, ಮೈಯೆಲ್ಲ ಹಸಿರು, ಮೇಲೆ ಸಣ್ಣ ಬಿಳಿ ಚುಕ್ಕೆಗಳು. ಮ್ಯಾಲಿಕ್ ಆಮ್ಲದ ಹುಳಿ ನೇರವಾಗಿ ದವಡೆಗೆ ಹತ್ತುತ್ತದೆ. ಮಾವಿನ ಸೊನೆಯ ಘಮ ಇದಕ್ಕಿಲ್ಲ, ಒಪ್ಪಿಕೊಳ್ಳೋಣ. ಆ ಕೊರತೆಯನ್ನು ತೆಂಗಿನಕಾಯಿಯ ಜೊತೆ ಅರೆದ ಸಾಸಿವೆ ತಕ್ಕಮಟ್ಟಿಗೆ ತುಂಬುತ್ತದೆ. ಸಿಪ್ಪೆ ಸಮೇತ ತುರಿದು, ಒಲೆ ಆರಿಸಿದ ಮೇಲೆಯೇ ಬಾಣಲೆಗೆ ಹಾಕಿ. ಉಳಿದ ಬಿಸಿಯೇ ಸಾಕು. ಬೇಯಿಸುತ್ತಾ ನಿಂತರೆ ಚಿತ್ರಾನ್ನ ಹೋಗಿ ಗೊಜ್ಜಾಗುತ್ತದೆ. ಅನ್ನ ಉದುರುದುರಾಗಿರಲಿ, ಏಕೆಂದರೆ ತುರಿ ನೀರು ಬಿಡುತ್ತದೆ.

‘ಹುಳಿ ಸೇಬು, ಸಕ್ಕರೆಯೇ ಇಲ್ಲ’ ಎಂದು ಮಧುಮೇಹದವರಿಗೆ ಹೇಳುವ ವಾಡಿಕೆಯಿದೆ. ಅದು ನಾಲಿಗೆ ನಂಬುವ ಮಾತು. 100 ಗ್ರಾಂ ಹಣ್ಣಿನಲ್ಲಿ ಸುಮಾರು 58 ಕ್ಯಾಲೊರಿ, ಹತ್ತಿರ ಹತ್ತಿರ 10 ಗ್ರಾಂ ಸಕ್ಕರೆ ಇರುತ್ತದೆ. ಫ್ಯೂಜಿ ಎಂಬ ಸಿಹಿ ಸೇಬಿಗಿಂತ ಕಡಿಮೆ, ಅಷ್ಟೇ. ನಾರು 3 ಗ್ರಾಂಗೆ ತುಸು ಕಡಿಮೆ. ಸಿಪ್ಪೆ ಹೆರೆದರೆ ಅದರಲ್ಲೂ ಒಂದು ಪಾಲು ಕಸದ ಬುಟ್ಟಿಗೆ, ಜೊತೆಗೆ ಸಿಪ್ಪೆಯಲ್ಲಿರುವ ಕ್ವೆರ್ಸೆಟಿನ್ ಎಂಬ ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಕೂಡ. ಸಿ ಜೀವಸತ್ವಕ್ಕೆ ಸೇಬನ್ನು ನೆಚ್ಚಿಕೊಳ್ಳಬೇಡಿ, ನಿಂಬೆ ಹಿಂಡಿ. ತುರಿ ಬೇಗ ಕಂದಾಗದಿರಲೂ ಅದು ನೆರವಾಗುತ್ತದೆ.

ಮೇಜಿನ ಮೇಲೆ ಬುಟ್ಟಿಯಲ್ಲಿ ಜೋಡಿಸಿಟ್ಟರೆ ನೋಡಲು ಚೆಂದ. ಆದರೆ ಕೆಲವೇ ದಿನಗಳಲ್ಲಿ ಹಣ್ಣು ಹಳದಿಗೆ ತಿರುಗಿ, ಹುಳಿ ಇಳಿದು, ಕಚ್ಚಿದರೆ ಹಿಟ್ಟು ಹಿಟ್ಟಾಗುತ್ತದೆ. ಸೇಬಿಗೆ ಬೇಕಾದದ್ದು ಸೊನ್ನೆಗೆ ಹತ್ತಿರದ ಚಳಿ ಮತ್ತು ತೇವ. ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕಟುಕಟು ಎನ್ನುತ್ತದೆ. ತೊಳೆಯುವುದು ತಿನ್ನುವಾಗ. ಪೆಟ್ಟು ಬಿದ್ದದ್ದನ್ನು ಮೊದಲು ಮುಗಿಸಿ. ಅದೇ ಡಬ್ಬಿಯಲ್ಲಿ ಸೌತೆಕಾಯಿ, ಕೊತ್ತಂಬರಿ ಬೇಡ: ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಎರಡೂ ಹಳದಿಯಾಗುತ್ತವೆ. ಕೋಸಂಬರಿಯಲ್ಲಿ ಸೌತೆ, ಸೇಬು ಒಟ್ಟಿಗೆ ಬೀಳಲಿ, ಫ್ರಿಜ್ಜಿನಲ್ಲಿ ಬೇಡ.

ಇಲ್ಲಿ ಹೊಸ ಫಸಲು ಬರುವುದು ಏಪ್ರಿಲ್ ಸುಮಾರಿಗೆ. ಡಿಸೆಂಬರಿನಲ್ಲಿ ಸಿಗುವುದು ತಿಂಗಳುಗಟ್ಟಲೆ ಶೀತಲಗೃಹದಲ್ಲಿದ್ದ ಹಣ್ಣು. ಕೆಲವುದರ ಸಿಪ್ಪೆಯ ಮೇಲೆ ಸುಟ್ಟಂತೆ ಕಂದು ಮಚ್ಚೆ ಕಾಣುತ್ತದೆ; ಈ ತಳಿಗೆ ಅದು ಹಳೆಯ ಕಾಟ. ತಿರುಳು ಗಟ್ಟಿಯಾಗಿ ಬೆಳ್ಳಗಿದ್ದರೆ ಚಿಂತೆಯಿಲ್ಲ, ಅಂಥದ್ದನ್ನು ಮಾತ್ರ ಸಿಪ್ಪೆ ಹೆರೆದು ಮೆಂತ್ಯ, ಇಂಗು ಹಾಕಿ ತೊಕ್ಕು ಮಾಡುತ್ತೇನೆ.