ರೋಗವನ್ನು ತಪ್ಪಾಗಿ ಗುರುತಿಸಿದ ವೈದ್ಯರ ಮೇಲೆ ಕೇಸ್ ಹಾಕಬಹುದೇ?

ಬಾಗಲಕೋಟೆಯ ನವನಗರದಲ್ಲಿ ವಕೀಲಿ ಮಾಡುತ್ತಿರುವ ನನಗೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕೆಲವೊಮ್ಮೆ ಮಾತನಾಡಿಸಲು ಹೋದ ಸಾವಿನ ಮನೆಯಲ್ಲಿಯೂ ಎದುರಾಗುವ ಪ್ರಶ್ನೆ ಇದು: “ಅಕ್ಕಾರ, ಡಾಕ್ಟರು ಒಂದು ಬ್ಯಾನಿಗೆ ಇನ್ನೊಂದು ಔಷಧ ಕೊಟ್ಟಾರ. ಕೇಸ್ ಹಾಕಿದ್ರ ಗೆಲ್ತೀವೇನ್ರಿ?” ಕೇಳುವವರ ಮುಖ ನೋಡಿದರೆ ಕೂಡಲೇ ‘ಹೌದು’ ಎಂದುಬಿಡಬೇಕೆನಿಸುತ್ತದೆ. ಆದರೆ ಕಾಗದಪತ್ರ ನೋಡುವ ಮೊದಲು ಹಾಗೆ ಹೇಳುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯವೆಂದೇ ನಾನು ನಂಬಿದ್ದೇನೆ.

ಕಾನೂನಿನ ದೃಷ್ಟಿಯಲ್ಲಿ ರೋಗನಿರ್ಣಯ ತಪ್ಪಿದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಅದೇ ವೃತ್ತಿಯ ಸಾಧಾರಣ ಕೌಶಲವುಳ್ಳ ವೈದ್ಯರೊಬ್ಬರು ಅಂಥದೇ ಪರಿಸ್ಥಿತಿಯಲ್ಲಿ ವಹಿಸುತ್ತಿದ್ದ ಎಚ್ಚರಿಕೆಯನ್ನು ಇವರು ವಹಿಸಿದ್ದರೇ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಆದ್ದರಿಂದ ರೋಗಕ್ಕೆ ತಪ್ಪು ಹೆಸರಿಟ್ಟ ಕ್ಷಣಕ್ಕಿಂತ, ಆ ಹೆಸರನ್ನು ಅನುಮಾನಿಸಲು ಕಾರಣ ಸಿಕ್ಕಾಗ ವೈದ್ಯರು ಏನು ಮಾಡಿದರು ಎಂಬುದರಲ್ಲಿಯೇ ಬಹುತೇಕ ಪ್ರಕರಣಗಳ ಜೀವ ಅಡಗಿರುತ್ತದೆ.

ಮುಧೋಳ ಕಡೆಯ ಕಬ್ಬು ಬೆಳೆಗಾರರೊಬ್ಬರ ಮಗ ನನ್ನಲ್ಲಿಗೆ ಬಂದಾಗ ಅವನ ಕೈಯಲ್ಲಿ ಒಂದು ಔಷಧ ಚೀಟಿ ಮತ್ತು ಎರಡು ಬಿಲ್ಲುಗಳು ಮಾತ್ರ ಇದ್ದವು. ರಾತ್ರಿ ಹತ್ತರ ಸುಮಾರಿಗೆ ತಂದೆಗೆ ಎದೆ ಉರಿ ಬಂದು ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿದ್ದರು. ಇಸಿಜಿ ತೆಗೆದು, ಗ್ಯಾಸ್ ಆಗಿದೆಯೆಂದು ಸೂಜಿ ಮಾಡಿ, ಗುಳಿಗೆ ಕೊಟ್ಟು ಮನೆಗೆ ಕಳಿಸಿದ್ದರು. ನೋವು ನಿಲ್ಲದೆ ಬೆಳಗಿನ ಆರಕ್ಕೆ ಮತ್ತೆ ಹೋದಾಗ ಅದೇ ಗುಳಿಗೆಗಳನ್ನು ಮುಂದುವರಿಸಲು ಹೇಳಿದರು. ಆ ದಿನ ಸಂಜೆ ಬೆಳಗಾವಿಗೆ ಒಯ್ದಾಗ ಅದು ಹೃದಯಾಘಾತವೆಂದು ತಿಳಿಯಿತು. ಜೀವ ಉಳಿಯಿತು, ಆದರೆ ಹೃದಯ ದುರ್ಬಲವಾಗಿ, ಹೊಲಕ್ಕೆ ಹೋಗುವ ಶಕ್ತಿ ಉಳಿಯಲಿಲ್ಲ. ಇಸಿಜಿಯನ್ನು ತಪ್ಪಾಗಿ ಓದಿದರೆಂಬುದು ಮಗನ ದೃಢವಾದ ನಂಬಿಕೆಯಾಗಿತ್ತು.

ನಾನು ಅವನಿಗೆ ಹೇಳಿದ ಮೊದಲ ಕೆಲಸ, ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳುವುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಯ್ದಿಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಜಗಳವಾದ ಮೇಲೆ ಕೇಳುವುದಕ್ಕಿಂತ ಡಿಸ್ಚಾರ್ಜ್ ಆಗುವ ದಿನವೇ ಕೇಸ್ ಶೀಟ್ ಸಹಿತ ಎಲ್ಲದರ ನಕಲು ಕೇಳುವುದು ಒಳ್ಳೆಯದು. ನಮ್ಮ ಜನ ಬಿಲ್ಲನ್ನು ಜೋಪಾನವಾಗಿ ಇಡುತ್ತಾರೆ, ಇಸಿಜಿಯ ಪಟ್ಟಿಯನ್ನು ಕಳೆಯುತ್ತಾರೆ. ಇದು ನನಗೆ ಪ್ರತಿ ಸಲವೂ ನೋವು ಕೊಡುವ ಸಂಗತಿ.

ದಾಖಲೆ ಬಂದ ಮೇಲೆ ಹೃದಯ ತಜ್ಞರೊಬ್ಬರಿಗೆ ತೋರಿಸಿದೆವು. ರಾತ್ರಿಯ ಇಸಿಜಿಯಲ್ಲಿ ಎದ್ದು ಕಾಣುವ ದೋಷವೇ ಇರಲಿಲ್ಲ. ಹೃದಯಾಘಾತದ ಆರಂಭದಲ್ಲಿ ಹೀಗಾಗುವುದುಂಟು ಎಂದು ಅವರು ವಿವರಿಸಿದರು. ಆದರೆ ನೋವು ನಿಲ್ಲದೆ ಮರಳಿ ಬಂದ ರೋಗಿಗೆ ಇನ್ನೊಮ್ಮೆ ಇಸಿಜಿ ತೆಗೆಯದೆ, ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯನ್ನೂ ಮಾಡಿಸದೆ ಕಳಿಸಿದ್ದನ್ನು ಸಮರ್ಥಿಸಲು ಅವರಿಗೂ ಆಗಲಿಲ್ಲ. ಹೀಗಾಗಿ ಮಗ ಯಾವುದನ್ನು ತಪ್ಪೆಂದು ತಿಳಿದಿದ್ದನೋ ಅದು ಬಿದ್ದುಹೋಯಿತು. ಅವನು ಅಷ್ಟಾಗಿ ಲಕ್ಷ್ಯವನ್ನೇ ಕೊಡದಿದ್ದ ಬೆಳಗಿನ ಭೇಟಿ ಪ್ರಕರಣದ ಆಧಾರವಾಯಿತು.

ತಜ್ಞರ ಅಭಿಪ್ರಾಯ ಎಲ್ಲ ಪ್ರಕರಣಕ್ಕೂ ಕಡ್ಡಾಯವಲ್ಲ. ಹೈದರಾಬಾದಿನ ಪ್ರಕರಣವೊಂದರಲ್ಲಿ ಮಲೇರಿಯಾ ಇದ್ದ ಮಹಿಳೆಗೆ ಟೈಫಾಯಿಡ್ ಎಂದು ಚಿಕಿತ್ಸೆ ನೀಡಲಾಗಿತ್ತು. ಜಿಲ್ಲಾ ಗ್ರಾಹಕ ವೇದಿಕೆ ಕೊಡಿಸಿದ್ದ 2 ಲಕ್ಷ ರೂಪಾಯಿ ಪರಿಹಾರವನ್ನು ತಜ್ಞರ ಸಾಕ್ಷ್ಯವಿಲ್ಲವೆಂದು ರಾಜ್ಯ ಗ್ರಾಹಕ ಆಯೋಗ ರದ್ದುಪಡಿಸಿದರೆ, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಳಿ ಎತ್ತಿಹಿಡಿಯಿತು. ವಿಡಾಲ್ ಎಂಬ ಒಂದೇ ಒಂದು ರಕ್ತ ಪರೀಕ್ಷೆಯ ಚೀಟಿ ನೋಡಿ ಜ್ವರವನ್ನೆಲ್ಲ ಟೈಫಾಯಿಡ್ ಎನ್ನುವ ರೂಢಿ ನಮ್ಮ ಭಾಗದಲ್ಲಿ ಇರುವುದರಿಂದ ಈ ತೀರ್ಪನ್ನು ನಾನು ಆಗಾಗ ನೆನಪಿಸುತ್ತೇನೆ. ಆದರೂ ಹೃದಯ, ಮೆದುಳು, ಹೆರಿಗೆಯಂಥ ವಿಷಯಗಳಲ್ಲಿ ತಜ್ಞರ ಬರಹವಿಲ್ಲದೆ ಹೋಗುವುದು ಅಪಾಯಕರ.

ದೂರು ಎಲ್ಲಿ ಕೊಡಬೇಕೆಂಬುದು ಸುಲಭವಾದ ಭಾಗ. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿಯೇ ತೀರ್ಮಾನವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಮೀರಜ್ ಅಥವಾ ಸೊಲ್ಲಾಪುರದಲ್ಲಿ ಚಿಕಿತ್ಸೆ ಪಡೆದ ನಮ್ಮವರು ಕೇಸಿಗಾಗಿ ಮಹಾರಾಷ್ಟ್ರಕ್ಕೆ ಅಲೆಯಬೇಕಿಲ್ಲ. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷಗಳ ಗಡುವು ಮಾತ್ರ ಕಟ್ಟುನಿಟ್ಟು, ತಡವಾದರೆ ಸಕಾರಣ ತೋರಿಸಬೇಕಾಗುತ್ತದೆ. ಎಲ್ಲರಿಗೂ ಸಂಪೂರ್ಣ ಉಚಿತ ಚಿಕಿತ್ಸೆ ನೀಡುವ ಸರ್ಕಾರಿ ಆಸ್ಪತ್ರೆ ಈ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಹಾನಿಯಾದರೆ ಸಿವಿಲ್ ನ್ಯಾಯಾಲಯದ ದಾರಿಯಿದೆ.

ಪೊಲೀಸ್ ಠಾಣೆಗೆ ಹೋಗಬೇಕೇ ಎಂದು ಕೇಳುವವರೂ ಬಹಳ. ಕ್ರಿಮಿನಲ್ ಪ್ರಕರಣಕ್ಕೆ ಸಾಧಾರಣ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯವೇ ಬೇಕು. ಆಸ್ಪತ್ರೆಯ ಗಾಜು ಒಡೆಯುವುದಂತೂ ಬೇಡವೇ ಬೇಡ: 2009ರ ರಾಜ್ಯ ಕಾಯ್ದೆಯಡಿ ಅದಕ್ಕೆ ಜೈಲು ಶಿಕ್ಷೆಯಿದೆ, ಮತ್ತು ನೊಂದವರೇ ಆರೋಪಿಗಳಾಗಿ ನಿಲ್ಲುವುದನ್ನು ನೋಡಲಾಗದು.

ಮುಧೋಳದ ದೂರಿನಲ್ಲಿ ಮೊದಲ ರಾತ್ರಿಯ ಬಗ್ಗೆ ನಾವು ಯಾವ ಆಪಾದನೆಯನ್ನೂ ಮಾಡಲಿಲ್ಲ. ಆದರೆ ನಿರ್ಲಕ್ಷ್ಯ ತೋರಿಸಿದರೆ ಮುಗಿಯಲಿಲ್ಲ, ಹಾನಿ ಅದರಿಂದಲೇ ಆಯಿತೆಂದೂ ತೋರಿಸಬೇಕು. ರಕ್ತನಾಳ ತೆರೆಯುವ ಚಿಕಿತ್ಸೆ ನೋವು ಶುರುವಾದ ಮೊದಲ 12 ಗಂಟೆಗಳಲ್ಲಿ ಹೆಚ್ಚು ಫಲ ಕೊಡುತ್ತದೆ. ಬೆಳಗಿನ ಆರಕ್ಕೆ ಕಳೆದದ್ದು ಎಂಟು ಗಂಟೆ, ಸಂಜೆ ಬೆಳಗಾವಿ ತಲುಪುವಷ್ಟರಲ್ಲಿ ಆ ಅವಧಿ ಮುಗಿದಿತ್ತು. ಈ ನಡುವಿನ ಗಂಟೆಗಳಲ್ಲಿ ಹೃದಯದ ಎಷ್ಟು ಭಾಗವನ್ನು ಉಳಿಸಬಹುದಿತ್ತು ಎಂಬುದರ ಮೇಲೆಯೇ ಈಗ ಆಯೋಗದಲ್ಲಿ ವಾದ ನಡೆಯುತ್ತಿದೆ.